ಮಂಜೂರು, ಚಾಲ್ತಿ, ಜಮೆ: ಪಿಂಚಣಿ ಪಟ್ಟಿ ಓದುವ ಬಗೆ

ಹಾಸನ ಜಿಲ್ಲೆಯಲ್ಲಿ ಪಿಂಚಣಿ ತೆಗೆದುಕೊಳ್ಳುವವರು ಎಷ್ಟು ಜನ ಎಂದು ಯಾರಾದರೂ ಕೇಳಿದರೆ, ಉತ್ತರ ಹೇಳುವ ಮೊದಲು ನೀವು ಮೂರು ಪ್ರಶ್ನೆ ತಿರುಗಿ ಕೇಳಬೇಕು. ಯಾವ ಪಿಂಚಣಿ? ಯಾವ ತಾರೀಖಿನ ಲೆಕ್ಕ? ಯಾರ ಬಳಿ ಇರುವ ಪಟ್ಟಿ? ಈ ಮೂರಕ್ಕೂ ಉತ್ತರ ಸಿಗದ ಸಂಖ್ಯೆಯನ್ನು ಗ್ರಾಮಸಭೆಯಲ್ಲಿ ಓದಬೇಡಿ. ಓದಿದರೆ ಜಗಳವಾಗುತ್ತದೆಯೇ ಹೊರತು ಒಬ್ಬ ಅಜ್ಜಿಗೂ ಅದರಿಂದ ಹಣ ಬರುವುದಿಲ್ಲ.

ಇಲ್ಲಿ ಪಂಚಾಯ್ತಿ ಸದಸ್ಯರಿದ್ದೀರಿ, ಸ್ವಸಹಾಯ ಸಂಘದ ಹೆಣ್ಣುಮಕ್ಕಳಿದ್ದೀರಿ, ಆಶಾ ಕಾರ್ಯಕರ್ತೆಯರಿದ್ದೀರಿ. ನಿಮ್ಮೂರಿನಲ್ಲಿ ಯಾರಿಗೆ ಬರುತ್ತಿದೆ, ಯಾರಿಗೆ ನಿಂತಿದೆ ಎಂಬುದು ಕಚೇರಿಗಿಂತ ಚೆನ್ನಾಗಿ ನಿಮಗೆ ಗೊತ್ತು. ಆ ತಿಳಿವಳಿಕೆಯನ್ನು ಕಾಗದದ ಮೇಲಿನ ಸಂಖ್ಯೆಯ ಪಕ್ಕದಲ್ಲಿಟ್ಟು ನೋಡುವುದು ಹೇಗೆ ಎಂಬುದಷ್ಟೇ ಇವತ್ತಿನ ಮಾತು.

ಮೊದಲು ಹೆಸರುಗಳು. ‘ಪಿಂಚಣಿದಾರರು’ ಎಂದಾಗ ಸರ್ಕಾರಿ ನೌಕರಿಯಿಂದ ನಿವೃತ್ತರಾಗಿ ಖಜಾನೆಯಿಂದ ಹಣ ಪಡೆಯುವವರೂ ಬರುತ್ತಾರೆ, ಭವಿಷ್ಯ ನಿಧಿಯಿಂದ ಪಡೆಯುವವರೂ ಬರುತ್ತಾರೆ. ನಮ್ಮ ವಿಷಯ ಅವರಲ್ಲ. ಕಂದಾಯ ಇಲಾಖೆಯ ಸಾಮಾಜಿಕ ಭದ್ರತೆ ಮತ್ತು ಪಿಂಚಣಿಗಳ ನಿರ್ದೇಶನಾಲಯದ ಮೂಲಕ ಬರುವ ಮಾಸಾಶನ ನಮ್ಮ ವಿಷಯ. ವೃದ್ಧಾಪ್ಯ ವೇತನ, ಸಂಧ್ಯಾ ಸುರಕ್ಷಾ, ವಿಧವಾ ವೇತನ, ಅಂಗವಿಕಲರ ವೇತನ, 40 ದಾಟಿಯೂ ಮದುವೆಯಾಗದ ಹಾಗೂ ವಿಚ್ಛೇದಿತ ಹೆಣ್ಣುಮಕ್ಕಳಿಗೆ ಮನಸ್ವಿನಿ, ಲಿಂಗತ್ವ ಅಲ್ಪಸಂಖ್ಯಾತರಿಗೆ ಮೈತ್ರಿ, ಇವೆಲ್ಲ ಅದರಲ್ಲಿವೆ. 65 ತುಂಬಿದ ಸಣ್ಣ ರೈತರು, ಅತಿಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರು, ಮೀನುಗಾರರು, ಅಸಂಘಟಿತ ಕೆಲಸಗಾರರಿಗೆಂದು 2007ರಲ್ಲಿ ಬಂದದ್ದು ಸಂಧ್ಯಾ ಸುರಕ್ಷಾ. ಅದು ಈಗ ತಿಂಗಳಿಗೆ 1,200 ರೂಪಾಯಿ. ವಿಧವಾ ವೇತನ 800. ಅಂಗವೈಕಲ್ಯ ಶೇ 40ರಿಂದ 75ರ ಒಳಗಿದ್ದರೆ 800, ಅದಕ್ಕೂ ಮೇಲಿದ್ದರೆ 1,400.

ಒಬ್ಬರಿಗೆ ಒಂದೇ ಪಿಂಚಣಿ ಎಂಬುದು ನಿಯಮ. ಇದನ್ನು ನೆನಪಿಡಿ, ಮುಂದೆ ಲೆಕ್ಕಕ್ಕೆ ಬೇಕು. 70 ವರ್ಷದ ವಿಧವೆಯೊಬ್ಬರು ವಿಧವಾ ವೇತನದ ಕಲಂನಲ್ಲಿದ್ದರೆ ವೃದ್ಧರ ಕಲಂನಲ್ಲಿ ಇರುವುದಿಲ್ಲ. ಹಾಗಾಗಿ ವೃದ್ಧಾಪ್ಯ ವೇತನ, ಸಂಧ್ಯಾ ಸುರಕ್ಷಾ ಎರಡನ್ನೇ ಕೂಡಿ ‘ನಮ್ಮ ಹೋಬಳಿಯಲ್ಲಿ ಇಷ್ಟು ವಯಸ್ಸಾದವರಿಗೆ ಪಿಂಚಣಿ ಇದೆ’ ಎಂದರೆ ಸಂಖ್ಯೆ ಕಡಿಮೆ ಬರುತ್ತದೆ. ಬಿಟ್ಟುಹೋಗುವವರಲ್ಲಿ ಹೆಂಗಸರೇ ಹೆಚ್ಚು.

ಇನ್ನು ಕೇಂದ್ರದ ಪಾಲು, ರಾಜ್ಯದ ಪಾಲು. ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ ಶುರುವಾದದ್ದು 1995ರ ಆಗಸ್ಟ್ 15ರಂದು. ಇವತ್ತಿಗೂ ಅದರಲ್ಲಿ 60ರಿಂದ 79 ವರ್ಷದವರಿಗೆ ಕೇಂದ್ರ ಕೊಡುವುದು ತಿಂಗಳಿಗೆ 200 ರೂಪಾಯಿ, 80 ದಾಟಿದವರಿಗೆ 500. ವಿಧವೆಯರಿಗೆ 300, ಅಂಗವಿಕಲರಿಗೆ 300. ಅದರ ಮೇಲೆ ಉಳಿದದ್ದನ್ನು ರಾಜ್ಯ ತುಂಬುತ್ತದೆ. ನಿಮ್ಮೂರಿನ 45 ವರ್ಷದ ವಿಧವೆಯ ಖಾತೆಗೆ ಬೀಳುವ 800ರಲ್ಲಿ, ಆಕೆಯ ಹೆಸರು ಕೇಂದ್ರದ ಪಟ್ಟಿಯಲ್ಲಿದ್ದರೆ 300 ದೆಹಲಿಯದು, 500 ಬೆಂಗಳೂರಿನದು. 39 ವರ್ಷದವಳಾದರೆ ಪೂರ್ತಿ 800 ರಾಜ್ಯದ್ದೇ, ಏಕೆಂದರೆ ಕೇಂದ್ರದ ಯೋಜನೆ ಶುರುವಾಗುವುದು 40ಕ್ಕೆ. ಅಂಗವೈಕಲ್ಯದಲ್ಲೂ ಹೀಗೆಯೇ. ಕೇಂದ್ರಕ್ಕೆ ಶೇ 80 ಬೇಕು, ರಾಜ್ಯಕ್ಕೆ ಶೇ 40 ಸಾಕು.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳಬೇಕೆಂದರೆ, ಅಂತರ್ಜಾಲದಲ್ಲಿ ಜಿಲ್ಲೆ, ತಾಲ್ಲೂಕು, ಪಂಚಾಯ್ತಿವಾರು ಸುಲಭವಾಗಿ ಕಣ್ಣಿಗೆ ಬೀಳುವುದು ಕೇಂದ್ರದ ಜಾಲತಾಣದ ಪಟ್ಟಿ. ಅದರಲ್ಲಿ ಸಂಧ್ಯಾ ಸುರಕ್ಷಾದವರು ಇಲ್ಲ. 40ರ ಕೆಳಗಿನ ವಿಧವೆಯರಿಲ್ಲ. ಶೇ 60 ಅಂಗವೈಕಲ್ಯದ ಹುಡುಗನಿಲ್ಲ. ಮೈತ್ರಿ, ಮನಸ್ವಿನಿ ಇಲ್ಲ. ಮೇಲಾಗಿ ಆ ಪಟ್ಟಿಗೆ ರಾಜ್ಯವಾರು ಮಿತಿ ಇದೆ. 2001ರ ಜನಗಣತಿ ಮತ್ತು 2004-05ರ ಬಡತನದ ಅಂದಾಜಿನ ಮೇಲೆ ನಿಂತ ಮಿತಿ ಅದು. ಊರಿನಲ್ಲಿ ವಯಸ್ಸಾದವರು ಹೆಚ್ಚಾದರೂ ಆ ಸಂಖ್ಯೆ ಏರುವುದಿಲ್ಲ. ಅದನ್ನು ಹಿಡಿದು ‘ನಮ್ಮ ಆಲೂರಿನಲ್ಲಿ ಇಷ್ಟೇ ಜನಕ್ಕೆ ಪಿಂಚಣಿ’ ಎಂದು ಬರೆದರೆ ಪೂರಾ ತಪ್ಪು.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ನಾಡಕಚೇರಿಯದೋ ತಾಲ್ಲೂಕು ಕಚೇರಿಯದೋ ಪಟ್ಟಿ ಕೈಗೆ ಬಂತು ಅಂದುಕೊಳ್ಳಿ. ಅದರಲ್ಲಿ ಮೂರು ಸಂಖ್ಯೆಗಳು ಬೇರೆ ಬೇರೆ ಇರುತ್ತವೆ. ಮಂಜೂರಾದವರು ಎಷ್ಟು, ಚಾಲ್ತಿಯಲ್ಲಿರುವವರು ಎಷ್ಟು, ಆ ತಿಂಗಳು ಹಣ ಜಮೆಯಾದವರು ಎಷ್ಟು. ಮಂಜೂರು ಎಂದರೆ ಯಾವತ್ತೋ ಆದೇಶ ಆಗಿದೆ ಎಂದಷ್ಟೇ ಅರ್ಥ. ಅದರಲ್ಲಿ ತೀರಿಕೊಂಡವರಿದ್ದಾರೆ, ಊರು ಬಿಟ್ಟವರಿದ್ದಾರೆ, ಮರುಮದುವೆಯಾದವರಿದ್ದಾರೆ. ಇವರನ್ನೆಲ್ಲ ತೆಗೆದ ಮೇಲೆ ಉಳಿಯುವುದು ಚಾಲ್ತಿ. ಚಾಲ್ತಿಯಲ್ಲಿದ್ದೂ ಹಣ ಬ್ಯಾಂಕಿನಿಂದ ವಾಪಸಾದವರನ್ನು ಕಳೆದರೆ ಜಮೆ. ಭಾಷಣದಲ್ಲಿ ಕೇಳಿಬರುವುದು ಸಾಮಾನ್ಯವಾಗಿ ಮೊದಲನೆಯದು. ಮನೆಗೆ ಅಕ್ಕಿ, ಮಾತ್ರೆ ಬರುವುದು ಮೂರನೆಯದರಿಂದ.

ಹಿಂದೆ ಮನಿಯಾರ್ಡರ್ ಇದ್ದಾಗ ಈ ಮೂರರ ನಡುವಿನ ಅಂತರ ತಾನಾಗಿಯೇ ಕಾಣುತ್ತಿತ್ತು. ಪೋಸ್ಟ್‌ಮ್ಯಾನ್ ಮನೆ ಬಾಗಿಲಿಗೆ ಹೋಗುತ್ತಿದ್ದ. ಅಜ್ಜ ತೀರಿಕೊಂಡಿದ್ದರೆ ಹಣ ವಾಪಸ್, ಮಗಳ ಮನೆಗೆ ಹೋಗಿದ್ದರೆ ವಾಪಸ್, ಕಾರಣ ಬರೆದೇ ವಾಪಸ್. ಆ ವ್ಯವಸ್ಥೆಯಲ್ಲಿ ಹಣ ತಂದವನ ಕೈಗೆ ಹತ್ತಿಪ್ಪತ್ತು ರೂಪಾಯಿ ಬಿಡಬೇಕಾದ ಕಾಟ ಇತ್ತು, ಅದನ್ನು ಮರೆಯುವಂತಿಲ್ಲ. ಈಗ ರಾಜ್ಯದ ಗಣಕೀಕೃತ ಖಜಾನೆ ವ್ಯವಸ್ಥೆಯಾದ ಖಜಾನೆ-2ರಿಂದ ಆಧಾರ್ ಆಧಾರದ ಮೇಲೆ ನೇರ ಖಾತೆಗೆ ಹೋಗುತ್ತದೆ. ನಡುವೆ ಯಾರ ಕೈಯೂ ಇಲ್ಲ, ಒಳ್ಳೆಯದು. ಆದರೆ ಬಾಗಿಲಿಗೆ ಬಂದು ನೋಡುವ ಕಣ್ಣೂ ಇಲ್ಲ. ಖಾತೆಯ ಯಜಮಾನರು ಇದ್ದಾರೋ ಇಲ್ಲವೋ, ಹಣ ಹೋಗಿ ಕೂರುತ್ತದೆ. ಆ ಕಣ್ಣಿನ ಕೆಲಸವನ್ನು ಈಗ ಗ್ರಾಮ ಆಡಳಿತಾಧಿಕಾರಿ, ಅಂದರೆ ನಿಮ್ಮ ವಿಎ, ಭೌತಿಕ ಪರಿಶೀಲನೆಯಲ್ಲಿ ಮಾಡಬೇಕು. ಒಬ್ಬ ವಿಎಗೆ ಹಲವು ಹಳ್ಳಿ. ಸಕಲೇಶಪುರದ ಹೆತ್ತೂರು, ಯಸಳೂರು ಕಡೆಯಾದರೆ ಒಂದೊಂದು ಮನೆಯೂ ಒಂದೊಂದು ದಿಣ್ಣೆಯ ಮೇಲೆ. ಬಾಗಿಲು ಹಾಕಿದ್ದರೆ ‘ವಾಸವಿಲ್ಲ’ ಎಂದು ಷರಾ ಬೀಳುವುದು ಸುಲಭ. ಮಳೆಗಾಲಕ್ಕೆಂದು ಮಗಳ ಮನೆಗೆ ಹೋಗಿದ್ದ ಅಜ್ಜಿಯ ಪಿಂಚಣಿ ನಿಲ್ಲುವುದು ಹೀಗೆ.

ಜಮೆ ತಪ್ಪುವುದಕ್ಕೆ ಕಾರಣಗಳು ನಾಲ್ಕೈದೇ. ಅವು ಗೊತ್ತಿದ್ದರೆ ನೀವು ಅರ್ಧ ದೂರನ್ನು ಊರಿನಲ್ಲೇ ಬಗೆಹರಿಸಬಹುದು.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಮ್ಯಾಪಿಂಗ್. ಆಧಾರ್ ಮೂಲಕ ಹೋಗುವ ಹಣ ಖಾತೆ ಸಂಖ್ಯೆ ನೋಡುವುದಿಲ್ಲ. ಆ ಆಧಾರ್ ಸಂಖ್ಯೆಗೆ ಕೊನೆಯದಾಗಿ ಯಾವ ಬ್ಯಾಂಕ್ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಅಜ್ಜಿಯ ಹಳೇ ಪಾಸ್‌ಬುಕ್ ಒಂದು ಬ್ಯಾಂಕಿನದು. ನಡುವೆ ಸಂಘದ ಸಾಲಕ್ಕೆಂದು ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದು ಹೆಬ್ಬೆಟ್ಟು ಒತ್ತಿದ್ದಾರೆ. ಅಲ್ಲಿಗೆ ಪಿಂಚಣಿ ತಿರುಗಿತು. ಅಜ್ಜಿ ತಿಂಗಳು ತಿಂಗಳೂ ಹಳೇ ಪಾಸ್‌ಬುಕ್ ಹಿಡಿದು ಹೋಗಿ ‘ಬಂದಿಲ್ಲ’ ಎಂದು ವಾಪಸಾಗುತ್ತಾರೆ. ಕಚೇರಿಯ ಪಟ್ಟಿಯಲ್ಲಿ ಇವರು ಜಮೆಯಾದವರು. ಅಲ್ಲಿ ತಪ್ಪೇ ಕಾಣುವುದಿಲ್ಲ. ಆಧಾರ್ ಜಾಲತಾಣದಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಎಂದಿದೆ, ಅಲ್ಲಿ ಬ್ಯಾಂಕಿನ ಹೆಸರು ಬರುತ್ತದೆ. ನೋಡಲು ಒಟಿಪಿ ಬೇಕು. ಅರಸೀಕೆರೆಯ ಅಜ್ಜಿಯ ಒಟಿಪಿ ಹೋಗುವುದು ಬೆಂಗಳೂರಿನಲ್ಲಿರುವ ಮಗನ ಮೊಬೈಲಿಗೆ. ಅದಕ್ಕೇ ಹೇಳುವುದು, ಹಬ್ಬಕ್ಕೆ ಮಕ್ಕಳು ಊರಿಗೆ ಬಂದಾಗ ಈ ಕೆಲಸ ಇಟ್ಟುಕೊಳ್ಳಿ.

ಎರಡನೆಯದು ನಿಷ್ಕ್ರಿಯ ಖಾತೆ. ಎರಡು ವರ್ಷ ಗ್ರಾಹಕರು ವ್ಯವಹಾರ ಮಾಡದಿದ್ದರೆ ಖಾತೆಯನ್ನು ಬ್ಯಾಂಕ್ ಆ ಗುಂಪಿಗೆ ಸೇರಿಸುತ್ತದೆ. ಕೆವೈಸಿ ಕಾಗದ ಕೊಟ್ಟು ಮತ್ತೆ ಚಾಲ್ತಿ ಮಾಡಿಸಬೇಕು. ಮೂರನೆಯದು ಹೆಸರು. ಪಿಂಚಣಿ ಆದೇಶದಲ್ಲಿ ‘ನಿಂಗಮ್ಮ’, ಆಧಾರ್‌ನಲ್ಲಿ ‘ಲಿಂಗಮ್ಮ ಕೋಂ ಇಂಥವರು’.

ನಾಲ್ಕನೆಯದು ಹಣ ಬಾರದ ಸಮಸ್ಯೆಯೇ ಅಲ್ಲ, ಆದರೂ ಹಾಗೇ ಹೇಳಿಕೊಳ್ಳುತ್ತಾರೆ. ಬ್ಯಾಂಕ್ ಮಿತ್ರರ ಯಂತ್ರದಲ್ಲಿ ಥಂಬ್ ಬೀಳುವುದಿಲ್ಲ. ನಲವತ್ತು ವರ್ಷ ಅಡಿಕೆ ಸುಲಿದ, ಕಾಫಿ ಹಣ್ಣು ಕೊಯ್ದ ಬೆರಳಿನಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? ಇವರನ್ನು ಬ್ಯಾಂಕಿನ ಶಾಖೆಗೇ ಕರೆದುಕೊಂಡು ಹೋಗಿ ಹಣ ತೆಗೆಯುವ ಚೀಟಿಯಲ್ಲಿ ಹೆಬ್ಬೆಟ್ಟು ಹಾಕಿಸಿ. ಆಧಾರ್ ಕೇಂದ್ರದಲ್ಲಿ ಬೆರಳು, ಕಣ್ಣು ಎರಡನ್ನೂ ಹೊಸದಾಗಿ ದಾಖಲಿಸಿ. ನಾಡಕಚೇರಿಗೆ ಅರ್ಜಿ ಕೊಟ್ಟರೆ ಅವರು ಮಾಡುವುದಕ್ಕೆ ಏನೂ ಇಲ್ಲ.

ಒಂದು ಪಾಸ್‌ಬುಕ್ಕನ್ನು ಬಿಡಿಸಿ ನೋಡೋಣ. ಮೊದಲು ಎಂಟ್ರಿ ಹಾಕಿಸಿ, ಹಳೇ ಪುಟ ನೋಡಿ ತೀರ್ಮಾನಕ್ಕೆ ಬರಬೇಡಿ. 1,200 ಎಂದಿದ್ದರೆ ವಯಸ್ಸಾದವರ ಪಿಂಚಣಿ. 800 ಎಂದಿದ್ದರೆ ಬಹುಮಟ್ಟಿಗೆ ವಿಧವಾ ಅಥವಾ ಅಂಗವಿಕಲರ ವೇತನ. 2,000 ಎಂದು ಕಂಡರೆ ಜಾಗ್ರತೆ. ಗೃಹಲಕ್ಷ್ಮಿಯೂ 2,000, ಪಿಎಂ ಕಿಸಾನ್ ಕಂತೂ 2,000. ಕಿಸಾನ್ ಹಣ ವರ್ಷಕ್ಕೆ ಮೂರು ಸಲ ಮಾತ್ರ. ‘ನಂಗೆ ಎರಡು ಸಾವ್ರ ಪಿಂಚಣಿ ಬರ್ತದೆ’ ಎಂದು ಅಜ್ಜಿ ಹೇಳಿದರೆ, ಅವರಿಗೆ ಪಿಂಚಣಿ ಬರುತ್ತಿಲ್ಲ, ಗೃಹಲಕ್ಷ್ಮಿ ಬರುತ್ತಿದೆ ಎಂದೇ ಮೊದಲು ಅನುಮಾನಿಸಿ. ‘ಏನೋ ಬರ್ತಿದೆಯಲ್ಲ’ ಎಂದು ಅರ್ಜಿಯನ್ನೇ ಹಾಕದ ಮನೆಗಳು ಎಷ್ಟೋ ಇವೆ.

ಗೃಹಲಕ್ಷ್ಮಿ 2023ರ ಆಗಸ್ಟ್ 30ರಂದು ಶುರುವಾದದ್ದು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು, ರೇಷನ್ ಕಾರ್ಡಿನ ಯಜಮಾನಿಗೆ ಬರುವಂಥದು. ಪಿಂಚಣಿ ಇದ್ದವರಿಗೂ ಅದು ಬರಬಹುದು. ಹಾಗಾಗಿ ಎರಡೂ ಪಟ್ಟಿ ಕೂಡಿ ‘ತಾಲ್ಲೂಕಿನಲ್ಲಿ ಇಷ್ಟು ಜನ ಫಲಾನುಭವಿಗಳು’ ಎಂದು ಹೇಳಿದರೆ ಒಬ್ಬರನ್ನೇ ಎರಡು ಸಲ ಎಣಿಸಿದಂತೆ. ಯೋಜನೆಗಳ ಲೆಕ್ಕ ಬೇರೆ, ತಲೆಗಳ ಲೆಕ್ಕ ಬೇರೆ.

ವರ್ಷದಿಂದ ವರ್ಷಕ್ಕೆ ಹೋಲಿಸುವವರು ಗಡಿಯನ್ನೂ ನೋಡಬೇಕು. ಹಾಸನ ಜಿಲ್ಲೆಯ ಎಂಟು ತಾಲ್ಲೂಕು ಹಾಗೇ ಇವೆ. ಚಿಕ್ಕಮಗಳೂರಿನಲ್ಲಿ 2011ರ ಜನಗಣತಿಯ ಹೊತ್ತಿಗೆ ಏಳು ತಾಲ್ಲೂಕು, ಈಗ ಒಂಬತ್ತು. ತರೀಕೆರೆಯಿಂದ ಅಜ್ಜಂಪುರ, ಮೂಡಿಗೆರೆಯಿಂದ ಕಳಸ ಬೇರೆಯಾದವು. ಮೂಡಿಗೆರೆಯ ಪಿಂಚಣಿ ಸಂಖ್ಯೆ ಇಳಿದಂತೆ ಕಂಡರೆ ಯಾರ ಪಿಂಚಣಿಯೂ ನಿಂತಿರಬೇಕಾಗಿಲ್ಲ, ಕಳಸದವರು ಬೇರೆ ಪಟ್ಟಿಗೆ ಹೋಗಿರಬಹುದು. ಹೋಬಳಿವಾರು ತೆಗೆದುಕೊಂಡರೆ ಈ ತೊಡಕಿಲ್ಲ.

ಸರಿ, ಸಂಖ್ಯೆ ಸಿಕ್ಕಿತು. ಅದು ಹೆಚ್ಚೋ ಕಡಿಮೆಯೋ ಎಂದು ತಿಳಿಯುವುದು ಹೇಗೆ? ಊರಿನಲ್ಲಿ ವಯಸ್ಸಾದವರು ಎಷ್ಟು ಎಂಬುದು ಗೊತ್ತಿರಬೇಕು. 2011ರ ಜನಗಣತಿಯಲ್ಲಿ ಹಾಸನ ಜಿಲ್ಲೆಯ ಜನಸಂಖ್ಯೆ 17,76,421. ಆಗ ರಾಜ್ಯದಲ್ಲಿ 60 ತುಂಬಿದವರ ಪ್ರಮಾಣ ಸುಮಾರು ಶೇ 9.5. ಆ ಸರಾಸರಿಯನ್ನೇ ಹಾಕಿದರೂ ಜಿಲ್ಲೆಯಲ್ಲಿ ಆಗಲೇ 1 ಲಕ್ಷ 68 ಸಾವಿರ ಹಿರಿಯರು. ಇವತ್ತು ಅದಕ್ಕಿಂತ ಹೆಚ್ಚೇ, ಏಕೆಂದರೆ ಆಯಸ್ಸು ಹೆಚ್ಚಿದೆ, ಹುಡುಗರು ಬೆಂಗಳೂರಿಗೆ ಹೋಗಿದ್ದಾರೆ, ಊರಿನಲ್ಲಿ ಉಳಿದವರು ಹಿರಿಯರು.

ಹಳ್ಳಿ ಮಟ್ಟಕ್ಕೆ ಜನಗಣತಿಗಿಂತ ಒಳ್ಳೆಯ ಸಾಧನ ಮತದಾರರ ಪಟ್ಟಿ. ಅದು ಬಹಿರಂಗ, ಮತಗಟ್ಟೆವಾರು ಸಿಗುತ್ತದೆ, ಪ್ರತಿ ಹೆಸರಿನ ಜೊತೆ ವಯಸ್ಸಿದೆ. ಇಬ್ಬರು ಕೂತರೆ ಒಂದು ಮತಗಟ್ಟೆಯ 60 ದಾಟಿದವರನ್ನು ಅರ್ಧ ಗಂಟೆಯಲ್ಲಿ ಗುರುತು ಹಾಕಬಹುದು. ತೀರಿಕೊಂಡವರ ಹೆಸರನ್ನು ನೀವೇ ಹೊಡೆದು ಹಾಕುತ್ತೀರಿ, ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಲೆಕ್ಕಕ್ಕೆಂದು ಒಂದು ಊರು ಊಹಿಸಿಕೊಳ್ಳೋಣ. ಮತದಾರರ ಪಟ್ಟಿಯಿಂದ 60 ದಾಟಿದವರು 230. ಚಾಲ್ತಿ ಪಟ್ಟಿಯಲ್ಲಿ ವೃದ್ಧರ ಎರಡೂ ಯೋಜನೆ ಸೇರಿ 96, ಅದೇ ವಯಸ್ಸಿನ ವಿಧವೆಯರು 31, ಅಂಗವಿಕಲರು 9. ಒಟ್ಟು 136. ಉಳಿದವರು 94. ಇವರಲ್ಲಿ ನಿವೃತ್ತ ನೌಕರರು, ಕುಟುಂಬ ಪಿಂಚಣಿಯವರು 11 ಜನ. ತೋಟ, ಆದಾಯ ಇದ್ದು ಅರ್ಹರಲ್ಲದವರು 38. ಕೊನೆಗೆ 45 ಹೆಸರು ಉಳಿಯುತ್ತವೆ. ನಿಮ್ಮ ಕೆಲಸ ಇರುವುದು ಈ 45 ಮನೆಗಳಲ್ಲಿ. ತಾಲ್ಲೂಕಿನ ಯಾವ ಅಂಕಿಯಲ್ಲೂ ಇವರು ಕಾಣುವುದಿಲ್ಲ. ಅರ್ಜಿ ಹಾಕದವರನ್ನು ಎಣಿಸುವ ಕಲಂ ಯಾವ ಕಚೇರಿಯಲ್ಲೂ ಇಲ್ಲ.

ಇವರು ಯಾಕೆ ಹೊರಗುಳಿದರು ಎಂದು ನೋಡಿದರೆ ಮೊದಲು ಸಿಗುವುದು ವಯಸ್ಸು. ಹಿರಿಮಗನಿಗೆ 48, ತಾಯಿಗೆ ಆಧಾರ್‌ನಲ್ಲಿ 56. ದಾಖಲಿಸುವಾಗ ಕೇಳಿದಷ್ಟು ಬರೆದು ಜನವರಿ 1 ಎಂದು ಹಾಕಿರುತ್ತಾರೆ. ಇದನ್ನು ತಿದ್ದಿಸಬಹುದು, ಆದರೆ ಆಧಾರ್‌ನಲ್ಲಿ ಜನ್ಮ ದಿನಾಂಕ ತಿದ್ದಲು ಅವಕಾಶ ಒಂದೇ ಸಲ. ಹಾಗಾಗಿ ದಾಖಲೆ ಗಟ್ಟಿಯಿಲ್ಲದೆ ಆತುರದಲ್ಲಿ ಆಧಾರ್ ಕೇಂದ್ರಕ್ಕೆ ಓಡಬೇಡಿ. ಆ ಒಂದು ಅವಕಾಶ ಹಾಳಾದರೆ ಮತ್ತೆ ಪಡಿಪಾಟಲು.

ಎರಡನೆಯದು ಗಂಡನ ಮರಣ ಪ್ರಮಾಣಪತ್ರ. ಹತ್ತಿಪ್ಪತ್ತು ವರ್ಷದ ಹಿಂದೆ ಮನೆಯಲ್ಲೇ ತೀರಿಕೊಂಡವರ ಸಾವು ಎಷ್ಟೋ ಕಡೆ ನೋಂದಣಿಯಾಗಿಲ್ಲ. ಪ್ರಮಾಣಪತ್ರ ಇಲ್ಲದೆ ವಿಧವಾ ವೇತನ ಇಲ್ಲ. ಒಂದು ವರ್ಷ ಮೀರಿದ ಸಾವಿನ ನೋಂದಣಿಗೆ ಮೊದಲು ನ್ಯಾಯಾಲಯದ ಆದೇಶ ಬೇಕಿತ್ತು. ಜನನ ಮರಣ ನೋಂದಣಿ ಕಾಯ್ದೆಗೆ ಬಂದ, 2023ರ ಅಕ್ಟೋಬರ್ 1ರಿಂದ ಜಾರಿಯಾದ ತಿದ್ದುಪಡಿಯ ಪ್ರಕಾರ ಆ ಆದೇಶ ಕೊಡುವ ಅಧಿಕಾರ ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಜಿಲ್ಲಾ ದಂಡಾಧಿಕಾರಿ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಬಂದಿದೆ. ನಮ್ಮ ಜಿಲ್ಲೆಯಲ್ಲಿ ಉಪವಿಭಾಗಾಧಿಕಾರಿ ಕಚೇರಿ ಹಾಸನ, ಸಕಲೇಶಪುರ ಎರಡು ಕಡೆ ಇದೆ. ಚಿಕ್ಕಮಗಳೂರಿನವರಿಗೆ ಚಿಕ್ಕಮಗಳೂರು, ತರೀಕೆರೆ. ‘ಕೋರ್ಟಿಗೆ ಅಲೆಯೋಕೆ ನಮ್ ಕೈಲಾಗಲ್ಲ’ ಎಂದು ಬಿಟ್ಟುಕೊಟ್ಟ ಹೆಣ್ಣುಮಕ್ಕಳಿಗೆ ಈ ವಿಷಯ ದಯವಿಟ್ಟು ಮುಟ್ಟಿಸಿ.

ಮೂರನೆಯದು ಆದಾಯ ಮಿತಿ. ವರ್ಷಕ್ಕೆ 32,000 ರೂಪಾಯಿ. ಉದ್ಯೋಗ ಖಾತ್ರಿಯ 2025-26ರ ಕೂಲಿ ನಮ್ಮ ರಾಜ್ಯದಲ್ಲಿ ದಿನಕ್ಕೆ 370. ನೂರು ದಿನ ದುಡಿದರೆ 37,000. ಸರ್ಕಾರವೇ ಕೊಡುವ ಕೂಲಿ ಸರ್ಕಾರವೇ ಹಾಕಿದ ಮಿತಿಯನ್ನು ದಾಟುತ್ತದೆ. ಈ ಮಿತಿ ಬದಲಾಗಲೇಬೇಕು, ಗ್ರಾಮಸಭೆಯ ಠರಾವಿನಲ್ಲಿ ಇದನ್ನು ಬರೆಸಿ. ಅಲ್ಲಿಯವರೆಗೆ ಆದಾಯ ಪ್ರಮಾಣಪತ್ರದ ತಾರೀಖು ನೋಡುತ್ತಿರಿ. ಅದಕ್ಕೆ ಐದು ವರ್ಷ ಮಾನ್ಯತೆ, ಅವಧಿ ಮುಗಿದದ್ದನ್ನು ಲಗತ್ತಿಸಿದರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ಎಸ್ಟೇಟ್ ಲೈನ್ ಮನೆಗಳ ವಿಷಯ ಪ್ರತ್ಯೇಕ. ಬೇಲೂರಿನ ಮಲೆನಾಡು ಅಂಚು, ಸಕಲೇಶಪುರ, ಮೂಡಿಗೆರೆ, ಕೊಪ್ಪ ಕಡೆ ದುಡಿದು ಮುಪ್ಪಾದವರ ಆಧಾರ್ ವಿಳಾಸ ಇನ್ನೂ ಹುಟ್ಟೂರಿನದಾಗಿರುತ್ತದೆ, ರೇಷನ್ ಕಾರ್ಡ್ ಮತ್ತೆಲ್ಲೋ. ಅಲ್ಲಿಯ ವಿಎ ‘ಇಲ್ಲಿ ವಾಸವಿಲ್ಲ’ ಎನ್ನುತ್ತಾರೆ, ಇಲ್ಲಿಯ ವಿಎ ‘ವಿಳಾಸ ಇಲ್ಲಿಯದಲ್ಲ’ ಎನ್ನುತ್ತಾರೆ. ಇಬ್ಬರ ಮಾತೂ ಕಾಗದದ ಪ್ರಕಾರ ಸರಿ, ನಡುವೆ ಮನುಷ್ಯ ಕಳೆದುಹೋಗುತ್ತಾನೆ. ಇಲ್ಲಿ ಕ್ರಮ ಮುಖ್ಯ. ಮೊದಲು ಆಧಾರ್ ವಿಳಾಸ ಬದಲಾವಣೆ, ಆಮೇಲೆ ರೇಷನ್ ಕಾರ್ಡ್, ಆಮೇಲೆ ಆದಾಯ ಪ್ರಮಾಣಪತ್ರ, ಕೊನೆಗೆ ಪಿಂಚಣಿ ಅರ್ಜಿ. ತಿರುಗುಮುರುಗಾದರೆ ನಾಲ್ಕೂ ಕೆಡುತ್ತವೆ.

ಅರ್ಜಿ ಕೊಟ್ಟಾಗ ಸಕಾಲದ, ಅಂದರೆ ಸರ್ಕಾರಿ ಸೇವೆಯನ್ನು ಗೊತ್ತಾದ ಅವಧಿಯೊಳಗೆ ಕೊಡಬೇಕೆನ್ನುವ ಕಾಯ್ದೆಯ, ಸ್ವೀಕೃತಿ ಚೀಟಿ ತೆಗೆದುಕೊಳ್ಳದೆ ಬರಬೇಡಿ. ಅದರ ಮೇಲಿನ ಜಿಎಸ್‌ಸಿ ಸಂಖ್ಯೆ, ಅಂದರೆ ಅರ್ಜಿಯ ಗುರುತಿನ ಸಂಖ್ಯೆ, ಇದ್ದರೆ ಅರ್ಜಿ ವಿಎ ಬಳಿ ಇದೆಯೋ, ಕಂದಾಯ ನಿರೀಕ್ಷಕರ ಬಳಿ ಇದೆಯೋ, ಉಪ ತಹಶೀಲ್ದಾರರ ಬಳಿ ಇದೆಯೋ ತಿಳಿಯುತ್ತದೆ. ಅವಧಿ ಮೀರಿದರೆ ಕಾಯ್ದೆಯಲ್ಲಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಇದೆ. ಮೊತ್ತ ಸಣ್ಣದು, ಆದರೆ ಕೇಳಿದವರ ಕಡತ ಮುಂದೆ ಸರಿಯುತ್ತದೆ.

ಕೊನೆಯದಾಗಿ, ಪಟ್ಟಿ ಕೇಳುವ ಬಗೆ. ಬಾಯಿಮಾತಿಗೆ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ತಾಲ್ಲೂಕು ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ, ಶುಲ್ಕ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು. ‘ಪಿಂಚಣಿ ಮಾಹಿತಿ ಕೊಡಿ’ ಎಂದು ಬರೆದರೆ ಒಂದು ಪುಟದ ಒಟ್ಟು ಸಂಖ್ಯೆ ಬರುತ್ತದೆ, ಯಾವ ಕೆಲಸಕ್ಕೂ ಬಾರದು. ಹೀಗೆ ಬರೆಯಿರಿ: ‘ಇಂಥ ಹೋಬಳಿಯ ಇಂಥ ಗ್ರಾಮದಲ್ಲಿ, ಮಾರ್ಚ್ 31ಕ್ಕೆ ಇದ್ದಂತೆ, ಪ್ರತಿ ಸಾಮಾಜಿಕ ಭದ್ರತಾ ಪಿಂಚಣಿ ಯೋಜನೆಯಲ್ಲಿ ಮಂಜೂರಾದವರು, ಚಾಲ್ತಿಯಲ್ಲಿರುವವರು, ಮಾರ್ಚ್ ತಿಂಗಳ ಹಣ ಜಮೆಯಾದವರು, ಜಮೆಯಾಗದೆ ವಾಪಸಾದವರು ಮತ್ತು ಅದರ ಕಾರಣ, ಹಿಂದಿನ ಹನ್ನೆರಡು ತಿಂಗಳಲ್ಲಿ ಸ್ಥಗಿತಗೊಂಡವರು ಮತ್ತು ಅದರ ಕಾರಣ, ಇವುಗಳ ಸಂಖ್ಯೆ.’ ತಾರೀಖನ್ನು ಮಾತ್ರ ಬಿಡಬೇಡಿ. ತಾರೀಖಿಲ್ಲದೆ ಕೇಳಿದರೆ ಮಂಜೂರು ಒಂದು ತಿಂಗಳದು, ಜಮೆ ಇನ್ನೊಂದು ತಿಂಗಳದು ಬರುತ್ತದೆ, ಒಂದರಿಂದ ಇನ್ನೊಂದನ್ನು ಕಳೆಯಲು ಆಗುವುದಿಲ್ಲ.